ಮೂರನೆಯ ಸಲ ಹತ್ತದೆ ಇಳಿದ ಜೀಪು

ಅವಳು ಹೆದರಿಬಿಟ್ಟಳು ಎಂಬುದು ಈಗಲೂ ಎಲ್ಲರೂ ಹೇಳುವ ಕಥೆ. ಹೇಳುವವರು ಹಲವರು ಎಂಬುದೊಂದೇ ಅದಕ್ಕಿರುವ ಬಲ. ಹಲವರು ಒಂದೇ ಮಾತು ಹೇಳಿದ ಮಾತ್ರಕ್ಕೆ ಸಾಕ್ಷಿಗಳು ಹಲವಾಗುವುದಿಲ್ಲ ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎಷ್ಟೋ ಸಲ ವಾದಿಸಿದ್ದೇನೆ. ಮೇಲಾಗಿ, ಆ ಜೀಪಿನಲ್ಲಿ ಅವಳ ಪಕ್ಕ ಕೂತಿದ್ದವನು ನಾನು.

ದಾಸರಹಳ್ಳಿಯಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದ ಅಕ್ಕ ಪೀಣ್ಯದ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಭಾನುವಾರ ಬಂತೆಂದರೆ ಸಹೋದ್ಯೋಗಿಗಳ ಜೊತೆ ತನ್ನ ಹಳೆಯ ಜೀಪನ್ನು ಹೆಬ್ಬಗೋಡಿಯ ಆಚೆ ಪಾಳುಬಿದ್ದ ಕಲ್ಲುಕ್ವಾರಿಗೆ ಒಯ್ಯುತ್ತಿದ್ದಳು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ಗಾಡಿಗಳೂ ಏದುಸಿರು ಬಿಡುವಂಥ ಏರು ಅಲ್ಲಿತ್ತು. ಗುಂಪಿಗೆ ತನ್ನದೇ ಕಟ್ಟಳೆಗಳಿದ್ದವು. ಮೂರು ಸಲ ಪ್ರಯತ್ನಿಸಬಹುದು, ಆಗದಿದ್ದರೆ ಮೇಲಿನಿಂದ ಹಗ್ಗ ಹಾಕಿ ಎಳೆಯುತ್ತಾರೆ. ನೋಡುವವರು ಪಕ್ಕದ ಬಂಡೆಯ ಮೇಲೆ ನಿಲ್ಲಬೇಕು. ಹಗ್ಗವಿಲ್ಲದೆ ಹತ್ತಿದವರಿಗಷ್ಟೇ ಮುಂದಿನ ಪ್ರವಾಸದಲ್ಲಿ ಸಾಲಿನ ಮುಂದೆ ಹೋಗುವ ಹಕ್ಕು. ಅಕ್ಕ ಗುಂಪು ಸೇರಿದಾಗಿನಿಂದಲೂ ಅವಳ ಜೀಪು ಎಲ್ಲರ ಧೂಳು ಕುಡಿಯುತ್ತ ಕೊನೆಯಲ್ಲೇ ಬರುತ್ತಿತ್ತು.

"ಮುಂದಿನ ಸಲ ಧೂಳು ಅವ್ರು ಕುಡೀಲಿ ಕಣೋ," ಎಂದಿದ್ದಳು ಹೊರಡುವಾಗ.

ಮೊದಲ ಸಲ ಜಲ್ಲಿ ಜಾರಿತು. ಎರಡನೆಯ ಸಲ ಅರ್ಧಕ್ಕೆ ನಿಂತಿತು. ಆಮೇಲೆ ಅವಳು ಟೈರುಗಳ ಗಾಳಿ ಸ್ವಲ್ಪ ಇಳಿಸಿ, ಏರನ್ನು ನಡೆದೇ ಹತ್ತಿ, ಯಾವ ಕಲ್ಲು ಅಲುಗುತ್ತದೆ ಎಂದು ಕಾಲಿನಿಂದ ಒತ್ತಿ ನೋಡಿ ಬಂದಳು. ಮೂರನೆಯ ಸಲ ಜೀಪು ಅವಸರವಿಲ್ಲದೆ, ಪ್ರತಿ ಕಲ್ಲನ್ನೂ ಕೇಳಿಕೊಂಡಂತೆ ಏರಿತು. ಸೀಟಿಗೆ ಒರಗಿದ್ದ ನನಗೆ ಬಾನೆಟ್ಟಿನಾಚೆ ಬರೀ ಆಕಾಶ. ಅವಳು ಮಾತ್ರ ಸ್ಟೀರಿಂಗಿನ ಮೇಲೆ ಬಾಗಿ, ಕತ್ತು ನಿಗುರಿಸಿದ್ದಳು. ಮುಂದಿನ ಚಕ್ರಗಳು ತುದಿ ಮುಟ್ಟಿದ್ದವು.

ಅಲ್ಲಿ ಬ್ರೇಕ್ ಹಾಕಿದಳು.

"ಯಾಕಕ್ಕಾ?" ಎಂದೆ. ಅವಳು ರಿವರ್ಸ್ ಗೇರಿಗೆ ಹಾಕಿ, ಕ್ಲಚ್ಚಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ಕೂದಲೆಳೆಯಷ್ಟೂ ತಿರುಗಿಸದೆ, ಎಂಜಿನ್ನಿನ ಹಿಡಿತದಲ್ಲೇ ಹಿಂದಕ್ಕೆ ಇಳಿಸಿದಳು. ಆ ಇಳಿಜಾರಿನಲ್ಲಿ ಗಾಡಿ ಒಂದಿಷ್ಟು ಓರೆಯಾಗಿದ್ದರೆ ನಾವು ಉರುಳಿ ಕೆಳಗೆ ಕ್ವಾರಿಯ ಗುಂಡಿಯಲ್ಲಿ ನಿಂತ ನೀರಿಗೇ ಬೀಳಬೇಕಿತ್ತು. ಹೆದರಿದ ಕೈಗಳು ಅಷ್ಟು ನೆಟ್ಟಗೆ ಇಳಿಸುತ್ತವೆ ಎನ್ನುವವರು ಒಮ್ಮೆ ಇಳಿಸಿ ತೋರಿಸಲಿ, ನಾನು ವಾದ ಬಿಡುತ್ತೇನೆ.

"ಹಗ್ಗ ಹಾಕ್ರೋ," ಎಂದು ಕೂಗಿ ಹೇಳಿ, ಅವಳು ಟೈರಿಗೆ ಸಿಕ್ಕ ಕಲ್ಲು ಕೀಳುತ್ತ ಕೂತಳು.

ಹೊಸೂರು ರಸ್ತೆಯ ಟೀ ಅಂಗಡಿಯಲ್ಲಿ, ನಮ್ಮ ಜೀಪು ತುದಿ ಮುಟ್ಟಿದ ಗಳಿಗೆಯ ಚಿತ್ರವಿದ್ದ ಕ್ಯಾಮೆರಾ ಕೈಯಿಂದ ಕೈಗೆ ಹೋಯಿತು. ಅದು ನಮಗಿಂತ ಮೊದಲು ಹತ್ತಿದ್ದ ಅವಳ ಸಹೋದ್ಯೋಗಿಯದು. ಕಥೆಯನ್ನು ಮೊದಲು ಶುರುಮಾಡಿದವನೂ ಅವನೇ.

"ಕಣ್ಣು ನೋಡು ಗುರು, ದೆವ್ವ ಕಂಡೋರ ಥರ. ತುದೀಲಿ ಬಂದು ಹೆದರ್ಕೊಂಡ್ಬಿಟ್ರು ಮೇಡಂ."

"ಮುಂದಿನ ಸಲಾನೂ ಧೂಳು ಫಿಕ್ಸು," ಎಂದ ಇನ್ನೊಬ್ಬ.

"ಆಯ್ತು ಬಿಡ್ರಪ್ಪಾ, ಟೀ ಆರತ್ತೆ," ಎಂದಳು ಅಕ್ಕ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಲೋಟ ಮಾತ್ರ ಆಗಲೇ ಖಾಲಿಯಾಗಿತ್ತು.

ಕ್ಯಾಮೆರಾ ನನ್ನ ಕೈಗೆ ಬಂತು. ಚಿತ್ರದ ತುಂಬ ಜೀಪಿನ ಮೂತಿ, ಎರಡೂ ದೀಪಗಳು ಸಮಸಮ. ಬಾನೆಟ್ಟಿನ ಮೇಲೆ ಅವಳ ಅಗಲವಾದ ಕಣ್ಣುಗಳು ನೇರ ಲೆನ್ಸನ್ನೇ ನೋಡುತ್ತಿದ್ದವು. ನೋಡುವವರು ನಿಲ್ಲಬೇಕಿದ್ದ ಬಂಡೆ ಇದ್ದದ್ದು ದಾರಿಯ ಎಡಕ್ಕೆ.

"ಅಣ್ಣಾ," ಎಂದೆ, ಕ್ಯಾಮೆರಾ ಅವನತ್ತ ತಿರುಗಿಸಿ. "ಇದನ್ನ ತೆಗೆಯೋವಾಗ ನೀವು ಎಲ್ಲಿ ನಿಂತಿದ್ರಿ?"