ಮಗ್ಗ ನಿಂತ ದಿನದ ಧಾರಾವಾಹಿ

ನಮ್ಮ ಅತ್ತೆಯ ಧಾರಾವಾಹಿಗೆ ಸದ್ದೇ ಇರಲಿಲ್ಲ. ದೊಡ್ಡಬಳ್ಳಾಪುರದ ನಮ್ಮ ಮನೆಯ ಹಿಂಭಾಗದಲ್ಲಿ ಪವರ್‌ಲೂಮ್ ಮಗ್ಗಗಳಿವೆ. ಕರೆಂಟ್ ಇದ್ದರೆ ಮಗ್ಗದ ಗಲಾಟೆಗೆ ಟಿವಿ ಕೇಳಿಸದು. ಕರೆಂಟ್ ಹೋದರೆ ಮಗ್ಗದ ಜೊತೆ ಟಿವಿಯೂ ನಿಲ್ಲುತ್ತದೆ. ಆದರೂ ಅತ್ತೆ ವರ್ಷಗಟ್ಟಲೆ ಬರೀ ಮುಖಗಳನ್ನು ನೋಡಿಯೇ ಕಥೆ ಅರ್ಥ ಮಾಡಿಕೊಂಡು, ಮರುದಿನ ಬೀದಿ ನಲ್ಲಿಯ ಹತ್ತಿರ ಮಾತುಗಳ ಸಮೇತ ಒಪ್ಪಿಸುತ್ತಿದ್ದರು. ಕೇಳುವವರ ಮನೆಗಳಲ್ಲೂ ಮಗ್ಗವೇ, ಅಲ್ಲಗಳೆಯುವವರು ಯಾರು? ನನಗೋ ಪಾಪ ಅನ್ನಿಸುತ್ತಿತ್ತು. ಒಮ್ಮೆಯಾದರೂ ಅವರಿಗೆ ಅದನ್ನು ಕಿವಿತುಂಬ ಕೇಳಿಸಲೇಬೇಕೆಂದು ಹಟ ಹಿಡಿದೆ.

ಅಮಾವಾಸ್ಯೆಗೆ ನಮ್ಮ ಮಗ್ಗಕ್ಕೆ ರಜೆ. ಆದರೆ ಅಂದು ಧಾರಾವಾಹಿಯ ಹೊತ್ತಿಗೆ ಅತ್ತೆ ದೇವಸ್ಥಾನದಲ್ಲಿರುತ್ತಾರೆ. ಹಾಗಾಗಿ ಹಿಂದಿನ ದಿನದ ಕಂತನ್ನು ರೆಕಾರ್ಡ್ ಮಾಡಿಟ್ಟು ಅಂದು ಮಧ್ಯಾಹ್ನ ತೋರಿಸುವುದೆಂದು ತೀರ್ಮಾನಿಸಿದೆ. ರೆಕಾರ್ಡ್ ಆಗುವುದು ಮಹಡಿಯ ಹಳೇ ಕಂಪ್ಯೂಟರಿನಲ್ಲಿ. ಅಲ್ಲಿಂದ ವೈಫೈ ಮೂಲಕ ಟಿವಿ ಪಕ್ಕದ ಪುಟ್ಟ ಡಬ್ಬದಂಥ ಪ್ಲೇಯರ್‌ಗೆ ಬರಬೇಕು. ಬರಲಿಲ್ಲ. ಒಂದೇ ಮನೆಯಲ್ಲಿ ಮಾತು ಬಿಟ್ಟ ಓರಗಿತ್ತಿಯರಂತೆ ಎರಡೂ ಕೂತಿದ್ದವು. ತಲೆ ಕೆಡಿಸಿಕೊಂಡು ನೋಡಿದರೆ, ಪ್ಲೇಯರ್ ಪಕ್ಕದ ಮನೆಯ ವೈಫೈಗೆ ಸೇರಿಕೊಂಡಿತ್ತು. ಹಿಂದೊಮ್ಮೆ ಅವರ ಪಾಸ್‌ವರ್ಡ್ ಇಸಿದುಕೊಂಡವಳು ನಾನೇ. ಅದನ್ನು ಬಿಡಿಸಿ ನಮ್ಮ ವೈಫೈಗೇ ಸೇರಿಸಿದೆ.

ಅಮಾವಾಸ್ಯೆ ಬಂತು. ಮಗ್ಗ ನಿಂತಿತ್ತು. ಅತ್ತೆ ಮುಖ ತೊಳೆದು, ಕುಂಕುಮ ಇಟ್ಟುಕೊಂಡು ಟಿವಿ ಮುಂದೆ ಕೂತರು.

ಧಾರಾವಾಹಿಯಲ್ಲಿ ಅವರ ಮೆಚ್ಚಿನ ಸೊಸೆ ನಗುನಗುತ್ತ ಮುದುಕಿ ಅತ್ತೆಗೆ ಹಾಲು ಕೊಟ್ಟಳು. "ನೋಡು, ಈಗ 'ಬಿಸಿ ಐತೆ, ನಿಧಾನ' ಅಂತಾಳೆ," ಎಂದರು ಅತ್ತೆ.

ಆ ಹುಡುಗಿ ಈ ಕಡೆ ತಿರುಗಿ, "ಈ ಮುದುಕಿಯನ್ನು ಮನೆಯಿಂದ ಹೊರಗೆ ಹಾಕದಿದ್ದರೆ ಕೇಳಿ!" ಎಂದಳು.

ಅತ್ತೆ ಬೆಚ್ಚಿಬಿದ್ದರು. "ನಿನ್ ಡಬ್ಬ ಸರಿಯಿಲ್ಲ ಕಣಮ್ಮ. ಬೇರೆ ಯಾರ್ದೋ ಮಾತು ಇವಳಿಗೆ ತಗ್ಲಾಕೊಂಡೈತೆ."

"ಡಬ್ಬ ಸರಿಯಾಗೇ ಐತೆ ಅತ್ತೆ. ಅವಳು ಮೊದ್ಲಿಂದ್ಲೂ ಹಿಂಗೇನೇ!" ಎಂದು ನಾನು ಹೆಮ್ಮೆಯಿಂದ ಬೀಗಿದೆ. ಎರಡು ವಾರ ಒದ್ದಾಡಿ ಜೋಡಿಸಿದ್ದು, ಬಿಟ್ಟುಕೊಡುವುದುಂಟೆ?

ಅತ್ತೆಯ ಮುಖ ಸಣ್ಣಗಾಗಿದ್ದು ಕಂಡು ನನಗೆ ಸಂಕಟವಾಯಿತು. ಅವರು ಮೆಲ್ಲಗೆ ನನ್ನತ್ತ ತಿರುಗಿದರು.

"ಮಗ್ಗ ಓಡೋವಾಗ ನೀನೂ ಒಲೆ ಮುಂದೆ ಏನೇನೋ ಅಂತಿರ್ತೀಯಲ್ಲ. ನನ್ ಸೊಸೆ ದೇವರ ನಾಮ ಹೇಳ್ಕೊತಾವ್ಳೆ ಅಂತ ಎಲ್ಲರ ತಾವೂ ಹೇಳ್ಕೊಂಡ್ ಬಂದಿವ್ನಿ..."

ನಾನು ರಿಮೋಟ್ ತೆಗೆದುಕೊಂಡು ಸದ್ದನ್ನು ಪೂರ್ತಿ ಇಳಿಸಿದೆ.

"ನೀವ್ ಹೇಳಿದ್ದೇ ಸರಿ ಅತ್ತೆ," ಎಂದೆ. "ಈ ಡಬ್ಬನೇ ಸರಿಯಿಲ್ಲ."