ಅರ್ಧ ಟೈಲ್ಸ್, ಅರ್ಧ ಕೆಂಪು ನೆಲ

ಸಕಲೇಶಪುರದ ನಮ್ಮ ಹೋಟೆಲು ತಾತ ಕಟ್ಟಿಸಿದ್ದು. ತೊಂಬತ್ತರ ದಶಕದ ಕೊನೆಯಲ್ಲಿ ಅದನ್ನು ಒಳಗೆಲ್ಲ ಹೊಸದು ಮಾಡುವ ಕೆಲಸವನ್ನು ಅಪ್ಪ ನನಗೂ ತಮ್ಮನಿಗೂ ಒಪ್ಪಿಸಿದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊದಲು ಕಂಬಗಳ ಹಸಿರು ಪೇಂಟ್ ಕೆರೆಸಿದೆ. ಒಳಗೆ ಬೀಟೆ ಮರ! ಪ್ರತಿ ಆಯುಧಪೂಜೆಗೂ ಒಂದೊಂದು ಕೋಟ್ ಬಳಿದು ನಾವೇ ಅದನ್ನು ಮುಚ್ಚಿಹಾಕಿದ್ದೆವು. ಕಾಫಿಗೆ ಬಂದವರನ್ನೆಲ್ಲ ಎಬ್ಬಿಸಿ ಕಂಬ ಮುಟ್ಟಿಸಿದೆ.

ಜಗಳ ಬಂದದ್ದು ನೆಲದ ವಿಷಯಕ್ಕೆ. ಅಂಚಿಗೆ ಕಪ್ಪು ಪಟ್ಟಿಯಿದ್ದ ತಾತನ ಕಾಲದ ಕೆಂಪು ನೆಲ ನನ್ನ ಜೀವ. ತಮ್ಮನಿಗೆ ಬಿಳಿ ಟೈಲ್ಸ್ ಬೇಕು. ಒರೆಸುವುದು ಸುಲಭ, ಒಳಗೆ ಬೆಳಕೂ ಹೆಚ್ಚು ಎಂಬ ಅವನ ಮಾತು ಸುಳ್ಳಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಇಬ್ಬರ ಕೂಗಾಟ ಅಡುಗೆಮನೆ ದಾಟಿ ರಸ್ತೆಗೆ ಕೇಳಿಸತೊಡಗಿದಾಗ ಅಪ್ಪ ಗಲ್ಲಾದಿಂದ ಎದ್ದು ಬಂದರು.

"ಅರ್ಧಕ್ಕೆ ಹಾಕ್ಸು. ಸಂತೆ ದಿನ ಜನ ಯಾವ ಕಡೆ ಕೂತ್ಕತಾರೋ ಆ ನೆಲನೇ ಗಟ್ಟಿ. ಅಲ್ಲೀವರ್ಗೂ ಇಬ್ರೂ ಬಾಯ್ ಮುಚ್ಕಂಡಿರಿ."

ಕೆಂಪು ನೆಲ ಕೆಡದ ಹಾಗೆ ಮರಳು ಹಾಸಿ ಎಡಗಡೆಯ ಅರ್ಧಕ್ಕೆ ಟೈಲ್ಸ್ ಜೋಡಿಸಿದರು. ಫಳಫಳ ಹೊಳೆಯಿತು. ಸೋತೆ ಅಂದುಕೊಂಡೆ.

ಸಂತೆಯ ಬೆಳಗ್ಗೆ ನಾನು ಬಾಗಿಲಲ್ಲೇ ನಿಂತಿದ್ದೆ. ಯಸಳೂರು ಬಸ್ಸಿನಿಂದ ಇಳಿದ ಎಸ್ಟೇಟ್ ಜನ ಒಳಗೆ ಬಂದರು. ಮುಂದಿದ್ದ ಅಜ್ಜ ಟೈಲ್ಸ್ ಅಂಚಿನಲ್ಲಿ ನಿಂತು, ಚಪ್ಪಲಿ ಬಿಟ್ಟು, ಒಂದು ಹೆಜ್ಜೆ ಇಟ್ಟು, ತಾವು ಮೂಡಿಸಿದ ಕೆಸರಿನ ಗುರುತು ನೋಡಿ ಹಿಂದೆ ಸರಿದರು.

ತಮ್ಮ ತಡೆಯಲಾರದೆ ಬಾಯಿಬಿಟ್ಟ. "ಹಾಕ್ಕಂಡೇ ಬನ್ನಿ ಅಜ್ಜ, ಪರವಾಗಿಲ್ಲ."

"ಬ್ಯಾಡ ಬುಡಪ್ಪ, ಗಲೀಜಾಗ್ತೈತೆ," ಎಂದ ಅಜ್ಜ ಚಪ್ಪಲಿ ಮೆಟ್ಟಿಕೊಂಡು ಬಲಗಡೆ ಹೋಗಿ ಕೂತರು. ಹಿಂದಿದ್ದವರೂ ಅತ್ತಲೇ ಹೋದರು. ಮಧ್ಯಾಹ್ನದ ಹೊತ್ತಿಗೆ ಕೆಂಪು ನೆಲದ ಮೇಲೆ ಜಾಗವಿಲ್ಲದೆ ಜನ ನಿಂತೇ ಕಾಫಿ ಕುಡಿಯುತ್ತಿದ್ದರು. ಎಡಗಡೆಯ ಮೇಜುಗಳೆಲ್ಲ ಖಾಲಿ. ನನಗೆ ಕುಣಿಯುವಷ್ಟು ಖುಷಿ.

ತಮ್ಮ ಮಾತ್ರ ಒಪ್ಪಲಿಲ್ಲ. "ಹೊಸದು, ಅದ್ಕೇ ಸಂಕೋಚ ಕಣಕ್ಕ. ಒಬ್ರು ಕೂತ್ರೆ ಎಲ್ಲಾ ಬತ್ತಾರೆ. ನಾನೇ ಕೂತ್ಕತೀನಿ ನೋಡು," ಎಂದು ಕಾಫಿ ಲೋಟ ಹಿಡಿದು ಎಡಗಡೆಗೆ ಹೊರಟ.

ಅಂಚಿಗೆ ಬಂದವನೇ ಚಪ್ಪಲಿ ಬಿಟ್ಟ.

ನಾನು ನಗಲಿಲ್ಲ, ಬಾಯಿಗೆ ಸೆರಗು ಒತ್ತಿಕೊಂಡೆ. ಅಪ್ಪ ಗಲ್ಲಾದಿಂದ ಅವನ ಬರಿಗಾಲನ್ನೇ ನೋಡುತ್ತಿದ್ದರು.

"ನಾಳೆ ಎತ್ತಿಸ್ಬುಡು ಮಗ," ಅಂದರು.

ತಮ್ಮ ಆಗ ತನ್ನ ಕಾಲು ನೋಡಿಕೊಂಡ.