ಎತ್ತರಿಸಿದ ಲಾರಿ, ಗಿಡ್ಡ ಹೋಸು

ಮನುಷ್ಯನಾಗಲಿ ವಾಹನವಾಗಲಿ, ತನ್ನ ಯೋಗ್ಯತೆಗಿಂತ ಎತ್ತರಕ್ಕೆ ಏರಿದಾಗ ಎಲ್ಲೋ ಒಂದು ಕಡೆ ಏನೋ ಒಂದು ಗಿಡ್ಡವಾಗುತ್ತದೆ. ಕೇಳಲು ಇದು ಉಪನಿಷತ್ತಿನ ವಾಕ್ಯದಂತಿದೆ. ನನ್ನ ಮಟ್ಟಿಗೆ ಗಿಡ್ಡವಾದದ್ದು ಒಂದು ಬ್ರೇಕ್ ಹೋಸು — ಒಂದೂವರೆ ಗೇಣಿನ ರಬ್ಬರ್ ನಳಿಗೆ. ಅದು ಗಿಡ್ಡ ಎಂದು ನನಗೆ ಗೊತ್ತಿತ್ತು. ಅದು ಹರಿದದ್ದನ್ನು ಮೊದಲು ಕಂಡವನೂ ನಾನೇ, ಯಾರಿಗೂ ಕಾಣದಂತೆ ಮಾಡಿದವನೂ ನಾನೇ.

ಸ್ವಾತಂತ್ರ್ಯ ಬಂದು ಹತ್ತು ವರ್ಷ ಕಳೆದಿದ್ದ ಕಾಲ. ಬಿ.ಸಿ.ರೋಡಿನಲ್ಲಿ ನನ್ನದೊಂದು ವರ್ಕ್‌ಶಾಪು. ಅಪ್ಪ ನೇಗಿಲ ಗುಳ ಬಡಿಯುತ್ತಿದ್ದ ಕುಲುಮೆಯಲ್ಲಿ ನಾನು ಲಾರಿಯ ಸ್ಪ್ರಿಂಗ್ ಪ್ಲೇಟು ಬಡಿಯುತ್ತಿದ್ದೆ. ಊರವರಿಗೆ ಇಬ್ಬರೂ ‘ಆಚಾರ್ರು’. ಬೆಳ್ತಂಗಡಿಯ ಮರದ ಕಂಟ್ರಾಕ್ಟರ್ ಶೆಟ್ರ ಬಳಿ, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಲಾರಿಯೊಂದಿತ್ತು — ನಾಲ್ಕೂ ಚಕ್ರ ಎಳೆಯುವ ಜಾತಿಯದ್ದು. ಕೊಕ್ಕಡದ ಆಚೆಯ ಕಾಡಿನಿಂದ ಮರ ಇಳಿಸುವುದು ಅದರ ಕೆಲಸ. ಎತ್ತಿನ ಗಾಡಿಗಳು ಕೊರೆದ ಜಾಡಿಗೆ ಚಕ್ರ ಇಳಿಯಿತೆಂದರೆ, ಆಕ್ಸಲಿನ ನಡುವಿನ ಗುಂಡು ದಾರಿಯ ದಿಬ್ಬಕ್ಕೆ ತಾಗಿ ಲಾರಿ ಹೊಟ್ಟೆಯ ಮೇಲೆ ಮಲಗಿಬಿಡುತ್ತಿತ್ತು. ಎಬ್ಬಿಸಲು ಆನೆ ತರಿಸಬೇಕು. ಆನೆಯ ಎದುರು ತಮ್ಮ ಲಾರಿಯ ಮರ್ಯಾದೆ ಹೋಗುವುದನ್ನು ಶೆಟ್ರು ಸಹಿಸಲಾರರು.

“ಒಂದು ಗೇಣು ಎತ್ತರ ಮಾಡಿ ಕೊಡಿ ಆಚಾರ್ರೇ. ಪತ್ತನಾಜೆಯ ಒಳಗೆ ಮರ ಇಳಿಯಬೇಕು,” ಎಂದರು. ಪತ್ತನಾಜೆ ಎಂದರೆ ಮೇ ಕೊನೆಯ ವಾರದ ಒಂದು ದಿನ, ಅದು ಕಳೆದರೆ ಮಳೆ. ಮಳೆ ಹಿಡಿದರೆ ಕಾಡಿನ ದಾರಿಗೆ ಬೀಗ.

ಮಾಡಿಕೊಟ್ಟೆ. ಹಳೆಯ ಪ್ಲೇಟುಗಳನ್ನು ಕಾಯಿಸಿ ಬಿಲ್ಲಿನ ಹಾಗೆ ಬಾಗಿಸಿದೆ, ಪ್ರತಿ ಕಟ್ಟಿಗೆ ಎರಡೆರಡು ಹೊಸ ಪ್ಲೇಟು ಸೇರಿಸಿದೆ, ತೂಗುವ ಕೊಂಡಿಗಳನ್ನು ಉದ್ದ ಮಾಡಿದೆ. ಇದಕ್ಕಿಂತ ದೊಡ್ಡ ಮಿಲಿಟರಿ ವಾಹನದ ಟಯರುಗಳು ಮಂಗಳೂರಿನಲ್ಲಿ ಸಿಕ್ಕಿದವು. ಅವು ಕೂರಲು ಮಡ್‌ಗಾರ್ಡನ್ನು ಉಳಿಯಿಂದ ಕತ್ತರಿಸಿದೆ. ಲಾರಿ ಎದ್ದು ನಿಂತಾಗ ಶೆಟ್ರು ಹತ್ತಲು ಸ್ಟೂಲು ತರಿಸಬೇಕಾಯಿತು. ತೆಂಗಿನಕಾಯಿ ಒಡೆದೆವು, ನಾಲ್ಕು ಚಕ್ರದಡಿಗೆ ನಾಲ್ಕು ಲಿಂಬೆಹಣ್ಣು ಇಟ್ಟೆವು. ಮೂಡುಬಿದಿರೆಯಿಂದ ಇಬ್ಬರು ಲಾರಿ ಮಾಲಕರು ಬಂದು ನೋಡಿ, ನಮ್ಮದನ್ನೂ ಎತ್ತರ ಮಾಡಿ ಎಂದು ಹೇಳಿಹೋದರು. ಆ ವಾರ ನಾನೂ ಸ್ವಲ್ಪ ಎತ್ತರವಾಗಿದ್ದೆ ಎಂದು ಕಾಣುತ್ತದೆ.

ಹೋಸಿನ ವಿಷಯ — ಅದನ್ನು ಸರಿಯಾಗಿ ಹೇಳಿಬಿಡುತ್ತೇನೆ. ಬ್ರೇಕಿನ ಎಣ್ಣೆ ಚಾಸಿಯಿಂದ ಹಿಂದಿನ ಆಕ್ಸಲಿಗೆ ಇಳಿಯುವುದು ಈ ರಬ್ಬರ್ ಹೋಸಿನಲ್ಲಿ. ಲಾರಿ ನೆಲದ ಮೇಲೆ ನಿಂತಿದ್ದಾಗ ಅದು ಎರಡು ಬೆರಳು ಸಡಿಲವಿತ್ತು. ಜಾಕ್ ಕೊಟ್ಟು ಎತ್ತಿ ಚಕ್ರವನ್ನು ಜೋತುಬಿಟ್ಟಾಗ ತಂತಿಯ ಹಾಗೆ ಬಿಗಿಯಿತು. ಚಾಸಿಯನ್ನು ಒಂದು ಗೇಣು ಮೇಲೆತ್ತಿದವನು ಹೋಸನ್ನೂ ಅಷ್ಟು ಉದ್ದ ಮಾಡಬೇಡವೇ? ಮಂಗಳೂರಿಗೆ ಹೇಳಿಕಳುಹಿಸಿದೆ, ಹದಿನೈದು ದಿನ ಬೇಕು ಎಂದರು. ಆ ಕಾಲದ ಲಾರಿಯಲ್ಲಿ ನಾಲ್ಕು ಚಕ್ರಕ್ಕೂ ಎಣ್ಣೆಯ ದಾರಿ ಒಂದೇ, ಒಂದು ಹೋಸು ಹರಿದರೆ ನಾಲ್ಕೂ ಬ್ರೇಕಿಗೆ ರಜೆ — ಇದೂ ಗೊತ್ತಿತ್ತು. ಶೆಟ್ರಿಗೆ ಹೇಳಲಿಲ್ಲ, ಹೇಳಿದ್ದರೆ ನನ್ನ ಮೆರವಣಿಗೆ ನಿಲ್ಲುತ್ತಿತ್ತು. ಡ್ರೈವರ್ ಕೊರಗಪ್ಪಣ್ಣನಿಗಂತೂ ಹೇಳಲೇ ಇಲ್ಲ. ಹೇಳಿದ್ದರೆ ಅವರು ಕೀಲಿಕೈಯನ್ನು ನನ್ನ ಮೇಜಿನ ಮೇಲಿಟ್ಟು ಮನೆಗೆ ನಡೆಯುತ್ತಿದ್ದರು. ಅಂಥ ಮನುಷ್ಯ. ಹನ್ನೆರಡು ವರ್ಷ ಲಾರಿ ಓಡಿಸಿ ಒಂದು ಕೋಳಿಯನ್ನೂ ಕೊಂದವರಲ್ಲ.

ಉದ್ದದ ಹೋಸು ಹದಿನೈದನೆಯ ದಿನ ಬಸ್ಸಿನಲ್ಲಿ ಬಂತು. ನಾಳೆ ಹಾಕಿದರಾಯಿತು ಎಂದುಕೊಂಡೆ.

ಮರುದಿನ ಮಧ್ಯಾಹ್ನ, ಮರ ತುಂಬಿದ ಲಾರಿ ಕೆಳಗೆ ಹರಿಯುವ ತೋಡಿನ ಕಡೆಗಿನ ಇಳಿಜಾರಿನಲ್ಲಿ ನಿಲ್ಲದೆ ಓಡಿತು. ಕೊರಗಪ್ಪಣ್ಣ ಅದನ್ನು ತೋಡಿಗೆ ಬಿಡದೆ ಬದಿಯ ಮಣ್ಣಿನ ಬರೆಗೆ ಗುದ್ದಿಸಿದರು. ಮರದ ಮೇಲೆ ಕೂತಿದ್ದ ಲೋಡರ್ ಸಂಜೀವ — ಕೊರಗಪ್ಪಣ್ಣನ ಹೆಂಡತಿಯ ತಮ್ಮ — ಕೆಳಗೆ ಬಿದ್ದ. ದಿಮ್ಮಿಯೊಂದು ಉರುಳಿ ಅವನ ಕಾಲ ಮೇಲೆ ಬಂತು. ಮಂಗಳೂರಿನ ಆಸ್ಪತ್ರೆಯಲ್ಲಿ ಮೊಣಕಾಲಿನ ಮೇಲಿನಿಂದ ಕಾಲು ತೆಗೆದರು.

ಶೆಟ್ರೂ ಕೊರಗಪ್ಪಣ್ಣನೂ ಆಸ್ಪತ್ರೆಗೆ ಹೋಗಿದ್ದರು. ಲಾರಿ ಎಬ್ಬಿಸಲು ನನ್ನನ್ನು ಕರೆಸಿದ್ದರು. ಅಡಿಯಲ್ಲಿ ಮಲಗಿದೆ. ಹೋಸು ಆಕ್ಸಲಿಗೆ ಜೋಡಿಸಿದ ಬುಡದಲ್ಲಿ ಹರಿದು ನೇತಾಡುತ್ತಿತ್ತು. ಮಣ್ಣಿನಲ್ಲಿ ಎಣ್ಣೆಯ ಕಲೆ. ನಾನು ಏನು ಮಾಡಬೇಕಿತ್ತು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತಿತ್ತು. ಚೀಲದಿಂದ ಹೊಸ ಹೋಸು ತೆಗೆದು ಜೋಡಿಸಿದೆ. ಎಣ್ಣೆ ತುಂಬಿಸಿ, ಕೂಲಿಯವನೊಬ್ಬನನ್ನು ಪೆಡಲ್ ತುಳಿಯಲು ಕೂರಿಸಿ ಎಣ್ಣೆಯ ದಾರಿಯೊಳಗಿನ ಗಾಳಿ ತೆಗೆದೆ. ಕಲೆಯ ಮೇಲೆ ಮಣ್ಣು ಎಳೆದೆ. ಹಳೆಯದನ್ನು ಕುಲುಮೆಗೆ ಹಾಕಿದೆ — ರಬ್ಬರಿನ ವಾಸನೆ ಎರಡು ದಿನ ಹೋಗಲಿಲ್ಲ.

ಶೆಟ್ರು ಬಂದು ತಾವೇ ಪೆಡಲ್ ತುಳಿದು ನೋಡಿದರು. ಗಟ್ಟಿ ಇತ್ತು. ಆದರೂ ಅವರು ಅನ್ಯಾಯದ ಮನುಷ್ಯರಲ್ಲ. ಬ್ರೇಕ್ ತುಳಿದದ್ದು ಹೌದು ಎಂದು ಧರ್ಮಸ್ಥಳದಲ್ಲಿ ಆಣೆ ಮಾಡು, ಮತ್ತೆ ನಾನೊಂದು ಮಾತು ಕೇಳುವುದಿಲ್ಲ ಎಂದು ಕೊರಗಪ್ಪಣ್ಣನಿಗೆ ಹೇಳಿದರು. ನಮ್ಮ ಕಡೆ ಆ ಆಣೆಯ ಮುಂದೆ ಕೋರ್ಟು ಕಚೇರಿ ಏನೂ ಅಲ್ಲ.

ಆಣೆಗೆ ಹೊರಡುವ ಹಿಂದಿನ ದಿನ ಕೊರಗಪ್ಪಣ್ಣ ವರ್ಕ್‌ಶಾಪಿಗೆ ಬಂದು ಹಳೆಯ ಟಯರೊಂದರ ಮೇಲೆ ಕೂತರು.

“ಆಚಾರ್ರೇ, ನನ್ನ ಕಾಲು ಬ್ರೇಕಿನ ಮೇಲೆಯೇ ಇತ್ತು ಅಂತ ನನಗೆ ಕಾಣ್ತದೆ. ಅಡಿಗೆ ಹೋಗಿ ನೋಡಿದವರು ನೀವು. ಬ್ರೇಕ್ ಇತ್ತಾ ಇಲ್ವಾ, ಹೇಳಿ ಮಾರಾಯ್ರೆ.”

“ಇತ್ತು,” ಎಂದೆ.

ಎರಡಕ್ಷರ. ಅವರು ತಮ್ಮ ಬಲಗಾಲನ್ನೇ ನೋಡುತ್ತಾ ಕೂತರು — ಯಾರದೋ ಕಾಲನ್ನು ನೋಡುವ ಹಾಗೆ.

“ಹಾಗಾದರೆ ಕ್ಲಚ್ಚು ತುಳಿದೆನೋ ಏನೋ,” ಎಂದು ಎದ್ದುಹೋದರು.

ಮರುದಿನ ಶೆಟ್ರ ಕಾರು ನನ್ನ ಅಂಗಳದಲ್ಲಿ ನಿಂತಿತ್ತು. ಊರಿನ ನಾಲ್ಕು ಜನ ಸೇರಿದ್ದರು. ಕೊರಗಪ್ಪಣ್ಣ ಕಾರು ಹತ್ತಲಿಲ್ಲ.

“ಬೇಡ ಧಣಿ. ಗೊತ್ತಿಲ್ಲದ್ದಕ್ಕೆ ನಾನು ಆಣೆ ಮಾಡುವುದಿಲ್ಲ.”

ಸುಳ್ಳನಾಗಿದ್ದರೆ ಹೋಗಿ ಆಣೆ ಮಾಡಿ ಬರುತ್ತಿದ್ದರೋ ಏನೋ. ಊರು ಅಷ್ಟು ಯೋಚಿಸಲಿಲ್ಲ. ಆಣೆಗೆ ಹಿಂಜರಿದವನು ತಪ್ಪು ಒಪ್ಪಿಕೊಂಡ ಹಾಗೆ ಎಂದಿತು. ಭಾವಮೈದುನನ ಕಾಲು ತೆಗೆಸಿದವ ಎಂದು ಬಸ್‌ಸ್ಟ್ಯಾಂಡಿನಲ್ಲಿ ಆಡಿಕೊಂಡರು. ತನ್ನ ಕಾಲನ್ನು ನಂಬದೆ ನನ್ನ ಬಾಯಿಯನ್ನು ನಂಬಿದ್ದ ಮನುಷ್ಯ, ಅದು ನನಗೆ ಅಲ್ಲೇ, ಆ ಕಾರಿನ ಬಾಗಿಲ ಬಳಿಯೇ ತಿಳಿಯಿತು. ಬಾಯಿ ತೆರೆಯಲಿಲ್ಲ. ನನ್ನನ್ನು ಯಾರೂ ಆಣೆಗೆ ಕರೆಯಲಿಲ್ಲ. ಮೆಕ್ಯಾನಿಕನ ಮಾತಿಗೆ ಅಷ್ಟು ಬೆಲೆಯಿತ್ತು. ಅಂದಿನಿಂದ ಮನೆಯವರು ಧರ್ಮಸ್ಥಳಕ್ಕೆ ಹೊರಟ ದಿನವೆಲ್ಲ ನನಗೆ ತಪ್ಪದೆ ಹೊಟ್ಟೆನೋವು ಬಂದಿದೆ. ವೈದ್ಯರಿಗೆ ಕಾರಣ ಸಿಕ್ಕಿಲ್ಲ.

ಮೂಡುಬಿದಿರೆಯವರ ಎರಡು ಲಾರಿಗಳನ್ನೂ ಎತ್ತರಿಸಿದೆ. ಮೊದಲು ಹೋಸು ತರಿಸಿ, ಆಮೇಲೆ ಜಾಕ್ ಹಿಡಿದೆ.

ಕಳೆದ ತಿಂಗಳು, ಕೊರಗಪ್ಪಣ್ಣ ತೀರಿಹೋದ ಎಷ್ಟೋ ಕಾಲದ ಮೇಲೆ, ಅವರ ಮನೆಗೆ ಹೋದೆ. ಊರುಗೋಲು ಪಕ್ಕಕ್ಕಿಟ್ಟು ಸಂಜೀವ ಜಗಲಿಯಲ್ಲಿ ಕೂತಿದ್ದ. ಎಲ್ಲವನ್ನೂ ಹೇಳಿದೆ. ತೋರಿಸಲು ಹೋಸು ಇಲ್ಲ. ನನ್ನ ಮಾತೊಂದೇ ಸಾಕ್ಷಿ — ಅದರ ಯೋಗ್ಯತೆ ಏನೆಂದು ಆ ಮನೆಗೆ ಗೊತ್ತಿರಲಿಲ್ಲ, ಈಗ ಗೊತ್ತಾಯಿತು. ಅವನು ಒಳಗಿದ್ದ ಅಕ್ಕನನ್ನು, ಕೊರಗಪ್ಪಣ್ಣನ ಹೆಂಡತಿಯನ್ನು, ಕರೆದು, “ಇವಳಿಗೆ ಇನ್ನೊಮ್ಮೆ ಹೇಳಿ,” ಎಂದ.

ಇನ್ನೊಮ್ಮೆ ಹೇಳಿದೆ. ಆಕೆ ಮಡಿಲಿನ ಮೊರದಲ್ಲಿ ಬೀಡಿ ಎಲೆ ಕತ್ತರಿಸುತ್ತಲೇ ಕೇಳಿದರು.

“ಹಾಗಾದರೆ ಅವರು ತುಳಿದಿದ್ದರಾ?”

“ತುಳಿದಿದ್ದರು ಅಕ್ಕ.”

ಕತ್ತರಿ ಒಂದು ಎಲೆಯಷ್ಟು ಹೊತ್ತು ನಿಂತಿತು. ಮತ್ತೆ ನಡೆಯಿತು. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಕೊರಗಪ್ಪಣ್ಣ ಆ ಅಪಘಾತದ ನಂತರ ಇಪ್ಪತ್ತೊಂದು ವರ್ಷ ಬದುಕಿದ್ದರು. ಹೆಂಡತಿಯ ಪಕ್ಕ ಕೂತು ಬೀಡಿ ಕಟ್ಟಿದರು. ಲಾರಿ ಓಡಿಸಲಿಲ್ಲ.